ಕಲೀನಾದ ಸಂಪ್ರಬಂಧಗಳು

ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಶುರುವಾದದ್ದು 1978ರಲ್ಲಿ. ಹಗಲೆಲ್ಲ ದುಡಿದವರು, ಮಕ್ಕಳನ್ನು ದಡ ಸೇರಿಸಿದ ಗೃಹಿಣಿಯರು ಕಲೀನಾದಲ್ಲಿರುವ ಈ ವಿಭಾಗಕ್ಕೆ ಬಂದು ಸಂಪ್ರಬಂಧ ಬರೆಯುತ್ತಾರೆ. ಹಳೆಯ ಬರಹಗಳನ್ನು ಓದಿ, ಆಧಾರ ಕೊಟ್ಟು ಬರೆಯುವ ಆ ವಿದ್ಯೆಯ ಮೇಲೆ ನನಗೆ ತುಂಬು ಗೌರವ.

ಈ ವಿಭಾಗದ ಮುಖ್ಯಸ್ಥರಾಗಿದ್ದ ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' ಅದಕ್ಕೆ ದೊಡ್ಡ ಮಾದರಿ. ಆ ವಿದ್ಯೆ ಹೇಗಿರುತ್ತದೆಂದು ನೋಡಲು, 1843ರಲ್ಲಿ ಪಾದ್ರಿ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಪತ್ರಿಕೆಯ ಹಾಳೆಯೊಂದನ್ನು ಎದುರಿಗಿಟ್ಟುಕೊಳ್ಳಿ. ಸುದ್ದಿ ಏನೆಂದು ಯಾರಾದರೂ ಹೇಳಬಲ್ಲರು. ಬರೆದವರ ಮನಸ್ಸಿನಲ್ಲಿ ಯಾವ ಓದುಗರಿದ್ದರು, ಯಾವ ಮಾತಿನಿಂದ ಅವರನ್ನು ಒಪ್ಪಿಸಲು ನೋಡಿದರು, ಏನನ್ನು ಹೇಳದೆ ಬಿಟ್ಟರು? ಇಷ್ಟು ಕೇಳಲು ಬಂದರೆ ಓದು ಪಳಗಿದಂತೆ. ಆಮೇಲೆ ಅಡಿಟಿಪ್ಪಣಿ: ಸಂಚಿಕೆ, ತಾರೀಖು, ಪುಟ. ಅನುಮಾನ ಬಂದ ಓದುಗ ತಾನೇ ಹೋಗಿ ತಾಳೆ ನೋಡಬಹುದು. ಚೆಂದದ ಶೈಲಿಗಿಂತ ಈ ಪ್ರಾಮಾಣಿಕತೆಯೇ ದೊಡ್ಡದೆಂದು ನನ್ನ ನಂಬಿಕೆ.

ಮುಂಬಯಿಯ ಕನ್ನಡ ಸಂಘಗಳು, ರಾತ್ರಿಶಾಲೆಗಳು, ನಾಟಕ ತಂಡಗಳ ಚರಿತ್ರೆ ಬರೆಯಲು ಇಂಥ ಕೈಗಳೇ ಬೇಕು. ನಿಮ್ಮ ಅಟ್ಟದಲ್ಲಿ ಹಳೆಯ ಸ್ಮರಣ ಸಂಚಿಕೆಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ; ಸಂಶೋಧನ ವಿದ್ಯಾರ್ಥಿಯೊಬ್ಬರಿಗೆ ತಲುಪಿಸಿ.