ಜ್ಯಾಗಣಿತದ ಪರಿಭಾಷೆಯೂ ಗಣಕಯಂತ್ರವೂ

ಗಣಕಯಂತ್ರದ ಗಣಿತಸಾಧನಗಳಲ್ಲಿ ‘ಸೈನ್’ ಎಂಬ ಹೆಸರಿನಿಂದ ನಡೆಯುವ ಕ್ರಿಯೆಯು ನಮ್ಮ ಜ್ಯೋತಿಷಗ್ರಂಥಗಳ ಜ್ಯಾ ಎಂಬುದರ ವಂಶದ್ದೇ ಎಂಬುದು ವಿದ್ವಾಂಸರಿಗೆ ತಿಳಿದ ವಿಷಯ. ಜೀವಾ ಶಬ್ದವು ಅರಬ್ಬರಲ್ಲಿ ‘ಜೀಬ’ ಎಂದಾಗಿ, ಸ್ವರಚಿಹ್ನೆಗಳಿಲ್ಲದ ಬರವಣಿಗೆಯ ದೆಸೆಯಿಂದ ‘ಜೈಬ್’ ಎಂದು ಓದಲ್ಪಟ್ಟು, ಮಡಿಲೆಂಬ ಆ ಅರ್ಥವೇ ಲ್ಯಾಟಿನಿನಲ್ಲಿ ‘ಸೈನಸ್’ ಎಂದು ಅನುವಾದವಾಯಿತು. ಹೆಸರು ಕೆಟ್ಟರೂ ಗಣಿತ ಕೆಡಲಿಲ್ಲ. ಕನ್ನಡದಲ್ಲಾದರೋ ಈ ಕ್ರಿಯೆಗೆ ಒಪ್ಪಿಸಬೇಕಾದ ಸಂಖ್ಯೆಯನ್ನು ‘ಕೋನ’ ಎಂದಷ್ಟೇ ಹೇಳಿಬಿಡುವ ರೂಢಿಯಿಂದ ಗಣಿತಕ್ಕೇ ಹಾನಿಯುಂಟು.

ಕೋನವೆಂದೊಡನೆ ವಿದ್ಯಾರ್ಥಿಯು ಅಂಶಗಳನ್ನು ನೆನೆಯುವನು. ೩೦ ಅಂಶದ ಸೈನ್ ಅರ್ಧವೆಂದು ಬಲ್ಲವನು ಎಕ್ಸೆಲ್ಲಿನಲ್ಲಾಗಲಿ ಪೈಥಾನಿನಲ್ಲಾಗಲಿ ೩೦ ಎಂದೇ ಬರೆದರೆ ಬರುವ ಉತ್ತರವು ಋಣ ೦.೯೮೮. ಯಂತ್ರದ್ದು ತಪ್ಪಲ್ಲ, ಅದು ಅಪೇಕ್ಷಿಸುವುದು ರೇಡಿಯನ್ನನ್ನು, ಎಂದರೆ ತ್ರಿಜ್ಯದಿಂದ ಅಳೆದ ಚಾಪವನ್ನು.

ಆರ್ಯಭಟನು ೪೯೯ರಲ್ಲಿ ರಚಿಸಿದ ಗ್ರಂಥದ ಜ್ಯಾಸರಣಿಯಲ್ಲಿ ಪರಿಧಿಯು ೨೧೬೦೦ ಕಲೆ, ತ್ರಿಜ್ಯವು ೩೪೩೮ ಕಲೆ. ಚಾಪಕ್ಕೂ ಜ್ಯೆಗೂ ಮಾನವೊಂದೇ. ಆದುದರಿಂದಲೇ ಮೊದಲ ೨೨೫ ಕಲೆಯ ಚಾಪಕ್ಕೆ ಜ್ಯೆಯೂ ೨೨೫. ೩೦ ಅಂಶವೆಂದರೆ ೧೮೦೦ ಕಲೆ. ಅದರ ಜ್ಯೆ ೧೭೧೯. ಇವೆರಡನ್ನೂ ೩೪೩೮ರಿಂದ ಭಾಗಿಸಿದರೆ ೦.೫೨೩೬, ೦.೫. ಮೊದಲನೆಯದು ಯಂತ್ರಕ್ಕೆ ಕೊಡಬೇಕಾದುದು, ಎರಡನೆಯದು ಯಂತ್ರವು ಕೊಡುವುದು! ಸಿದ್ಧಾಂತಗಳನ್ನು ಓದಿದವನಿಗೆ ರೇಡಿಯನ್ ಹೊಸ ತೊಡಕಾಗಬೇಕಾದುದಿಲ್ಲ. ಹಾಗೆಂದು ಆರ್ಯಭಟನಿಗೆ ರೇಡಿಯನ್ನೇ ತಿಳಿದಿತ್ತೆಂದು ಸಾರುವುದು ಅತ್ಯುಕ್ತಿ. ಪ್ರಾಚೀನರ ಜ್ಯೆಯು ಉದ್ದ, ಈಗಿನದು ನಿಷ್ಪತ್ತಿ. ‘ಕೋನ’ಕ್ಕೆ ಬದಲಾಗಿ ‘ಚಾಪ’ವೆಂಬುದು ಪಾಠದಲ್ಲಿ ಬಳಕೆಗೆ ಬರತಕ್ಕದ್ದೆಂಬುದಕ್ಕೆ ಇಷ್ಟು ಸಾಲದೆ?

ಅತಿಪರವಲಯ ಕ್ರಿಯೆಗಳಲ್ಲಿ ಮಾತ್ರ ಚಾಪಶಬ್ದವೂ ಸಲ್ಲದು. ಅಲ್ಲಿನ ಸಂಖ್ಯೆಯು ವಕ್ರದ ಉದ್ದವಲ್ಲ, ವಕ್ರಖಂಡದ ಕ್ಷೇತ್ರಫಲದ ಇಮ್ಮಡಿ. ಹೆಸರಿನಲ್ಲಿ ಸೈನ್, ಕೊಸೈನ್ ಎಂಬ ಸಾಮ್ಯವಿರುವುದರಿಂದ ಇಲ್ಲಿಯೂ ಅಂಶ-ರೇಡಿಯನ್ ಪರಿವರ್ತನೆ ಮಾಡುವವರುಂಟು. ಅದರ ಫಲವನ್ನು ಮಂಡ್ಯದ ಸೀಮೆಯಲ್ಲಿಯೇ ನೋಡಬಹುದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದು ತಂತಿಗಳ ಮೂಲಕ. ಕಂಬದಿಂದ ಕಂಬಕ್ಕೆ ಜೋಲುವ ತಂತಿಯ ಆಕಾರವನ್ನು ಹೇಳುವುದು ಅತಿಪರವಲಯ ಕೊಸೈನ್. ಮದ್ದೂರು-ಮಳವಳ್ಳಿ ದಾರಿಯಲ್ಲಿ ಎರಡು ಕಂಬಗಳ ಅಂತರ ೧೦೦ ಮೀಟರು, ತಂತಿಯ ಸಮತಲ ಕರ್ಷಣವನ್ನು ಒಂದು ಮೀಟರು ತಂತಿಯ ತೂಕದಿಂದ ಭಾಗಿಸಿದ ಲಬ್ಧ ೫೦೦ ಮೀಟರು ಎಂದಿಟ್ಟುಕೊಂಡರೆ, ಅಂತರದ ಅರ್ಧವಾದ ೫೦ನ್ನು ೫೦೦ರಿಂದ ಭಾಗಿಸಿ ಬಂದ ೦.೧ನ್ನೇ ಯಂತ್ರಕ್ಕೆ ಒಪ್ಪಿಸಬೇಕು. ಉತ್ತರ ೧.೦೦೫, ಒಂದನ್ನು ಕಳೆದು ೫೦೦ರಿಂದ ಗುಣಿಸಲು ಜೋಲು ಎರಡೂವರೆ ಮೀಟರು. ಆ ೦.೧ನ್ನು ಅಂಶವೆಂದು ಭ್ರಮಿಸಿ ರೇಡಿಯನ್ನಿಗೆ ತಿರುಗಿಸಿದವನಿಗೆ ದೊರೆಯುವ ಜೋಲು ಒಂದು ಮಿಲಿಮೀಟರೂ ಇಲ್ಲ. ಯಂತ್ರವು ಯಾವ ಆಕ್ಷೇಪವನ್ನೂ ಎತ್ತದೆ ಈ ಉತ್ತರವನ್ನೂ ಬರೆದುಕೊಡುವುದು.