ಭಂಗಿಯೂ ನೃತ್ಯವೂ

ನಾಟ್ಯಕ್ಕೆ ಚಲನೆಯೇ ಜೀವ; ಛಾಯಾಚಿತ್ರಕ್ಕೆ ನಿಶ್ಚಲತೆಯೇ ಜೀವ. ಈ ವಿರುದ್ಧಧರ್ಮಗಳೆರಡೂ ಕೂಡಿ ಹುಟ್ಟಿದುದು ರಂಗನರ್ತಕರ ಪ್ರಚಾರಚಿತ್ರ. ಅದನ್ನು ಚಿತ್ರವೆಂದು ಮೆಚ್ಚುವುದು ಸುಲಭ. ನೃತ್ಯಕ್ಕೆ ಅದನ್ನು ಪ್ರಮಾಣವೆಂದು ಒಪ್ಪಬಹುದೆ? ಇದೇ ಇಲ್ಲಿ ವಿಚಾರಾರ್ಹವಾದ ವಿಷಯ.

ಅಮೆರಿಕಾದಲ್ಲಿ ಹಿಂದೆ ವಾಡೆವಿಲ್ ಎಂಬ ವಿನೋದರಂಗವು ಪ್ರಚಲಿತವಾಗಿತ್ತು. ದೊಂಬರಾಟ, ಹಾಸ್ಯ, ಗಾನ, ನರ್ತನಗಳು ಒಂದೇ ಸಂಜೆಯಲ್ಲಿ ಒಂದರ ಬೆನ್ನಿಗೊಂದು ಬರುತ್ತಿದ್ದುವು. ಒಬ್ಬೊಬ್ಬರಿಗೆ ದೊರೆಯುತ್ತಿದ್ದುದು ಕೆಲವೇ ನಿಮಿಷ. ಆದಕಾರಣ ಜನರನ್ನು ಬಾಗಿಲಲ್ಲಿಯೇ ಹಿಡಿದು ನಿಲ್ಲಿಸುವ ಹೊಣೆ ಚಿತ್ರದ ಮೇಲೆ ಬಿದ್ದಿತು. ರೂತ್ ಸೇಂಟ್ ಡೆನಿಸ್ ಎಂಬಾಕೆ 1906ರಲ್ಲಿ ನ್ಯೂಯಾರ್ಕಿನ ಇಂತಹ ರಂಗದಲ್ಲಿ ‘ರಾಧಾ’ ಎಂಬ ನೃತ್ಯದಿಂದ ಕೀರ್ತಿ ಪಡೆದಳು. ಸಂಗೀತವು ಫ್ರೆಂಚರ ಡೆಲೀಬನದು. ರಂಗಸಜ್ಜೆ ಜೈನ ಮಂದಿರದ್ದು. ಅದರೊಳಗಿನ ದೇವಿ ರಾಧೆ! ಪೂರ್ವದೇಶದ ನೃತ್ಯಗಳಿಗೆ ಆಕೆಗೆ ಪ್ರೇರಣೆಯಾದುದು 1904ರಲ್ಲಿ ಕಂಡ ಸಿಗರೇಟಿನ ಪ್ರಚಾರಪಟ. ಅದರಲ್ಲಿದ್ದುದಾದರೋ ಈಜಿಪ್ಟಿನ ದೇವತೆ. ಪ್ರಚಾರಪಟದಿಂದ ಹೊರಟ ಕಲೆ ಮರಳಿ ಪ್ರಚಾರಚಿತ್ರದಲ್ಲಿಯೇ ನಿಂತಿತು. ಆ ಚಿತ್ರಗಳನ್ನು ಕಂಡು ಇದೇ ಭಾರತೀಯ ನರ್ತನವೆಂದು ನಂಬಿದವರಿಗೆ ದೊರೆತುದು ಆಹಾರ್ಯ ಮಾತ್ರ.

ಅದೇ ಕಾಲದಲ್ಲಿ, 1909ರಲ್ಲಿ, ಮೈಸೂರು ಸರ್ಕಾರವು ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಅಲ್ಲಿ ವೇಷಕ್ಕೆ ಕಾಸು. ಇಲ್ಲಿ ಪರಂಪರೆಗೆ ಬಾಗಿಲು. ಆದರೂ ಅರಮನೆಯ ಆಶ್ರಯದಲ್ಲಿ ಜಟ್ಟಿ ತಾಯಮ್ಮನವರು ಅಭಿನಯವನ್ನು ಉಳಿಸಿ, ವೆಂಕಟಲಕ್ಷಮ್ಮನವರಿಗೆ ಧಾರೆಯೆರೆದರು. ಈ ವಿದ್ಯೆಯು ಸಾಗಿದುದು ದೇಹದಿಂದ ದೇಹಕ್ಕೆ; ಪಟದಿಂದ ಪಟಕ್ಕಲ್ಲ.

ಬೆಂಗಳೂರಿನಲ್ಲಿ ಹುಟ್ಟಿದ ರಾಮ್ ಗೋಪಾಲರ ಚಿತ್ರಗಳಾದರೋ ಬೇರೆ ತರಗತಿಯವು. ಅಮೆರಿಕಾದ ನರ್ತಕಿ ಲಾ ಮೆರಿಯೊಡನೆ ಪ್ರವಾಸ ಮಾಡಿದ ಇವರನ್ನು 1938ರಲ್ಲಿ ಕಾರ್ಲ್ ವ್ಯಾನ್ ವೆಕ್ಟನ್ ಎಂಬವರು ಚಿತ್ರಿಸಿದರು. ಇವರು ಕುಂಜು ಕುರುಪರಲ್ಲಿ ಕಥಕಳಿಯನ್ನು ಅಭ್ಯಸಿಸಿದವರು. ಭಂಗಿಯ ಹಿಂದೆ ಶಿಕ್ಷಣವಿದೆ. ಆದರೂ ನ್ಯೂನತೆ ತಪ್ಪಿದ್ದಲ್ಲ. ಹಸ್ತವನ್ನು ದೃಷ್ಟಿಯೂ, ದೃಷ್ಟಿಯನ್ನು ಮನಸ್ಸೂ, ಮನಸ್ಸನ್ನು ಭಾವವೂ ಅನುಸರಿಸಬೇಕೆಂಬುದು ‘ಅಭಿನಯದರ್ಪಣ’ದ ಮತ. ಆ ಸರಪಣಿಯಲ್ಲಿ ಚಿತ್ರವು ಹಿಡಿಯಬಲ್ಲುದು ಮೊದಲ ಕೊಂಡಿಗಳನ್ನು ಮಾತ್ರ. ತಾಳವಂತೂ ಅದರ ಅಳವಿಗೆ ಮೀರಿದುದು.

ಬೇಲೂರಿನ ಮದನಿಕೆಯರೂ ನಿಶ್ಚಲರಲ್ಲವೆ ಎಂದು ವಾಚಕರು ಆಕ್ಷೇಪಿಸಬಹುದು. ಅಹುದು. ಆದರೆ ಶಿಲ್ಪಿಯು ತಾನು ಕಂಡ ನೂರು ಕ್ಷಣಗಳನ್ನು ಒಂದು ಶಿಲೆಯಲ್ಲಿ ಸಂಗ್ರಹಿಸುವನು; ಯಂತ್ರವು ತನಗಾಗಿಯೇ ತಡೆದು ನಿಲ್ಲಿಸಿದ ಒಂದು ಕ್ಷಣವನ್ನು ಗ್ರಹಿಸುವುದು. ಮದನಿಕೆಯ ಕಣ್ಣು ಕನ್ನಡಿಯಲ್ಲಿದೆ. ಪ್ರಚಾರಚಿತ್ರದವಳ ಕಣ್ಣು ಬಹುಮಟ್ಟಿಗೆ ಗಿರಾಕಿಯ ಮೇಲೆ.

ಇಂದು ನಮ್ಮ ಬಿಳೇಕಹಳ್ಳಿಯ ಮನೆಗಳಿಗೂ ರಂಗಪ್ರವೇಶದ ಆಹ್ವಾನಪತ್ರಿಕೆಗಳು ಬರುತ್ತವೆ. ಅವುಗಳ ಮೇಲೆಯೂ ಅದೇ ಬೆಳಕು, ಅದೇ ಎತ್ತಿದ ಪಾದ. ಚಿತ್ರವು ಕರೆಯಲಿ, ಕರೆಯುವುದೇ ಅದರ ಧರ್ಮ. ಆದರೆ ಮಕ್ಕಳು ಚಿತ್ರಕ್ಕಾಗಿ ಭಂಗಿಯನ್ನು ಕಲಿಯತೊಡಗಿದರೆ ನೃತ್ಯವು ಎರಡು ಭಂಗಿಗಳ ನಡುವೆ ಕಳೆದುಹೋಗುವುದು. ನೃತ್ಯವಿರುವುದೂ ಆ ನಡುವಿನಲ್ಲಿಯೇ ಅಲ್ಲವೆ?