ಕುಶಾಲತೋಪಿನ ಎದುರು ಕುದುರೆ

ದಸರಾ ಹತ್ತಿರ ಬಂತೆಂದರೆ ಮೈಸೂರಿನಲ್ಲಿ ಕುಶಾಲತೋಪಿನ ತಾಲೀಮು ಶುರುವಾಗುತ್ತದೆ. ವಸ್ತುಪ್ರದರ್ಶನ ಆವರಣದ ವಾಹನ ನಿಲುಗಡೆ ಜಾಗದಲ್ಲಿ ಪೊಲೀಸರು ಫಿರಂಗಿಗಳನ್ನು ಸಾಲಾಗಿ ನಿಲ್ಲಿಸಿ ಸಿಡಿಸುತ್ತಾರೆ. ವಿಜಯದಶಮಿಯಂದು 21 ಸುತ್ತು ಸಿಡಿಯುವಾಗ ಆನೆ, ಕುದುರೆಗಳು ಕಂಗೆಡದಿರಲಿ ಎಂಬುದು ಇದರ ಉದ್ದೇಶ. ಪತ್ರಿಕೆಗಳ ಕ್ಯಾಮೆರಾ ಆನೆಗಳ ಕಡೆಗೇ ತಿರುಗಿರುತ್ತದೆ. ಹೆಚ್ಚು ಕಾಳಜಿಯಿಂದ ನೋಡಬೇಕಾದದ್ದು ಅಶ್ವಾರೋಹಿ ದಳವನ್ನು ಎಂದು ನನಗನಿಸುತ್ತದೆ. ಬೆದರಿದಾಗ ಓಡಿ ಜೀವ ಉಳಿಸಿಕೊಳ್ಳುವುದು ಕುದುರೆಯ ಹುಟ್ಟುಗುಣ. ಆ ಓಟದ ಬೆನ್ನ ಮೇಲೆ ಒಬ್ಬ ಸವಾರ ಕೂತಿರುತ್ತಾನೆ, ದಾರಿಯ ಎರಡೂ ಬದಿ ಜನ ಕಿಕ್ಕಿರಿದಿರುತ್ತಾರೆ.

ಮುಂಚೆಯೇ ಸದ್ದಿನ ಪರಿಚಯ ಮಾಡಿಸುವ ಪದ್ಧತಿ ಸರಿಯಾದದ್ದೇ. ನನ್ನ ತಕರಾರು ಅದರ ಕ್ರಮದ ಬಗ್ಗೆ. ಜನರ ಕಣ್ಣಿಗೆ ಬೀಳುವ ತಾಲೀಮಿನ ಮಟ್ಟಿಗೆ ಹೇಳುವುದಾದರೆ, ಮೊದಲ ದಿನದ ಮೊದಲ ಸುತ್ತೇ ಪೂರ್ತಿ ಸದ್ದಿನದು. ಕೆಲವು ಕುದುರೆಗಳು ಹಿಮ್ಮೆಟ್ಟುತ್ತವೆ, ಮುಂಗಾಲೆತ್ತುತ್ತವೆ; ಸವಾರರು ಲಗಾಮು ಬಿಗಿಹಿಡಿದು ನಿಲ್ಲಿಸುತ್ತಾರೆ. ಮುಂದಿನ ತಾಲೀಮುಗಳಲ್ಲಿ ಗಲಾಟೆ ಕಡಿಮೆಯಾದರೆ ‘ಹೊಂದಿಕೊಂಡವು’ ಎಂದು ವರದಿಯಾಗುತ್ತದೆ.

ಈ ವಿಷಯದಲ್ಲಿ 2006ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನ ನೆನೆಯಬೇಕು. ಎರಡು ವರ್ಷದ 27 ಗಂಡುಕುದುರೆಗಳಿಗೆ, ಅಲುಗಾಡುವ ಬಿಳಿ ನೈಲಾನ್ ಚೀಲವನ್ನು ಸಹಿಸಲು ಮೂರು ಬಗೆಯಲ್ಲಿ ಕಲಿಸಿದರು. ಒಂದು ಗುಂಪಿಗೆ ಭಯದ ವಸ್ತುವನ್ನು ಇಡಿಯಾಗಿಯೇ ಮತ್ತೆ ಮತ್ತೆ ತೋರಿಸಿದರು. ಇನ್ನೊಂದಕ್ಕೆ ಆಹಾರದ ಜೊತೆ ಸೇರಿಸಿ ತೋರಿಸಿದರು. ಮೂರನೆಯದಕ್ಕೆ ಹಂತಹಂತವಾಗಿ, ಕುದುರೆ ಸುಮ್ಮನಿದ್ದರೆ ಮಾತ್ರ ಮುಂದಿನ ಹೆಜ್ಜೆ. ಈ ಮೂರನೆಯ ಗುಂಪಿನ ಎಲ್ಲ ಕುದುರೆಗಳೂ ಕಲಿತವು, ಬೇಗನೆ ಕಲಿತವು. ಉಳಿದೆರಡು ಗುಂಪುಗಳಲ್ಲಿ ಕೆಲವು ಕೊನೆಗೂ ಕಲಿಯಲಿಲ್ಲ. ಫಿರಂಗಿಯ ಸದ್ದನ್ನು ತಗ್ಗಿಸಲಾಗದಿರಬಹುದು, ದೂರವನ್ನು ಹೆಚ್ಚಿಸಬಹುದು. ಹೊಸ ಕುದುರೆ ಮೊದಲ ದಿನ ಮೈದಾನದ ಆಚೆ ತುದಿಯಲ್ಲಿ ನಿಂತು ಕೇಳಲಿ, ಮೈ ಸಡಿಲವಾದ ಮೇಲೆ ಒಂದಿಷ್ಟು ಹತ್ತಿರ ಬರಲಿ.

ಸುಮ್ಮನೆ ನಿಂತ ಕುದುರೆಯೆಲ್ಲ ಸಮಾಧಾನದಲ್ಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಹತ್ತಿರದಿಂದ ನೋಡಿ: ಕತ್ತು ಮೇಲೆದ್ದು ಬಿಗಿದಿದೆ, ಕಿವಿಗಳು ಸದ್ದು ಬಂದ ದಿಕ್ಕಿಗೆ ನಾಟಿವೆ, ಮೂಗಿನ ಹೊಳ್ಳೆ ಅರಳಿದೆ, ಬಾಲ ತೊಡೆಗಳ ನಡುವೆ ಅಂಟಿದೆ. ಕಾಲು ಮಾತ್ರ ಕದಲಿಲ್ಲ. ಬೇರೆ ದಾರಿಯಿಲ್ಲದೆ ನಿಂತ ಕುದುರೆ ಇದು. ನಿಜಕ್ಕೂ ಹಗುರಾದ ಕುದುರೆ ತಲೆ ತಗ್ಗಿಸುತ್ತದೆ, ಕಡಿವಾಣ ಮೆಲ್ಲುತ್ತದೆ, ಫುರ್ ಎಂದು ಉಸಿರು ಬಿಡುತ್ತದೆ. ನಿಂತ ಕಾಲನ್ನಷ್ಟೇ ಕಂಡು ಅಂಕ ಕೊಟ್ಟರೆ ಎರಡಕ್ಕೂ ಒಂದೇ ಅಂಕ ಸಿಗುತ್ತದೆ. ತಪ್ಪಿನ ಬೆಲೆ ತೆರುವುದು ಮೆರವಣಿಗೆಯ ದಿನ.

ಬೆದರಿದ ಕುದುರೆಯನ್ನು ಹೊಡೆದು ದಾರಿಗೆ ತರುವವರು ಇಂದಿಗೂ ಇದ್ದಾರೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲೇ ಗ್ರೀಸಿನ ಕ್ಸೆನೊಫನ್ ತನ್ನ ಕುದುರೆ ಸವಾರಿಯ ಗ್ರಂಥದಲ್ಲಿ ಇದನ್ನು ಖಂಡಿಸಿದ್ದ. ಏಟಿನ ನೋವು ತಾನು ಹೆದರಿದ ವಸ್ತುವಿನಿಂದಲೇ ಬಂತೆಂದು ಕುದುರೆ ತಿಳಿಯುತ್ತದೆ ಎಂಬುದು ಅವನ ವಾದ. ಎರಡೂ ಲಗಾಮುಗಳನ್ನು ಒಟ್ಟಿಗೆ ಜಗ್ಗಿದಾಗಲೂ ಆಗುವುದು ಇದೇ: ಭಯಕ್ಕೆ ಬಾಯಿನೋವು ಸೇರುತ್ತದೆ. ಅದಕ್ಕಿಂತ ಒಂದು ಬದಿಯ ಲಗಾಮನ್ನು ಮೆಲ್ಲಗೆ ಸೆಳೆದು ಸುತ್ತು ಹಾಕಿಸುವುದು, ಕಾಲಿಗೆ ಕೆಲಸ ಕೊಡುವುದು, ಒಂದು ಹೆಜ್ಜೆ ಒಪ್ಪಿದ ಕೂಡಲೇ ಹಿಡಿತ ಸಡಿಲಿಸುವುದು ಎಷ್ಟೋ ವಾಸಿ.

ಇನ್ನು ಸವಾರನ ವಿಚಾರ. ಸ್ವೀಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಮುಖ್ಯವೆನಿಸುತ್ತದೆ. ಕುದುರೆಯನ್ನು ನಡೆಸುವವರಿಗೂ ಸವಾರರಿಗೂ ‘ಈ ಸಲ ಕೊಡೆ ಬಿಚ್ಚುತ್ತೇವೆ’ ಎಂದು ಹೇಳಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದ್ದೂ ಏರಿತು. ಏನೂ ನಡೆಯದ ಕಡೆ ಭಯವೊಂದು ದಾಟಿಹೋಗಿತ್ತು. ಹಾಗಾಗಿ ಫಿರಂಗಿಗೆ ಬೆಂಕಿ ಮುಟ್ಟಿಸುವ ಕ್ಷಣಕ್ಕೆ ತೊಡೆ ಬಿಗಿದು ಉಸಿರು ಕಟ್ಟಿ ಕೂರುವ ಸವಾರ, ಸದ್ದಿಗೂ ಮೊದಲೇ ಕುದುರೆಗೆ ಅಪಾಯದ ಸುದ್ದಿ ಮುಟ್ಟಿಸಿರುತ್ತಾನೆ. ತಾಲೀಮಿನ ಅರ್ಧ ಪಾಲು ಅವನಿಗೇ ಮೀಸಲಾಗಬೇಕು. ಪಳಗಿದ ಕುದುರೆಯ ಮಗ್ಗುಲಲ್ಲಿ ಹೊಸದನ್ನು ನಿಲ್ಲಿಸುವುದೂ ಫಲ ಕೊಡುವ ಉಪಾಯ. ಜೊತೆಗಾರ ಶಾಂತವಾಗಿದ್ದರೆ ಇದರ ಅಂಜಿಕೆಯೂ ಇಳಿಯುತ್ತದೆ.

ಇಷ್ಟಾದರೂ ಖಾತರಿಯಿಲ್ಲ. 2024ರ ಏಪ್ರಿಲ್ 24ರಂದು ಲಂಡನ್ನಿನಲ್ಲಿ ಕಟ್ಟಡವೊಂದರ ಕಾಮಗಾರಿಯ ಕಲ್ಲುಮಣ್ಣು ಮೇಲಿನಿಂದ ಸುರಿದ ಸದ್ದಿಗೆ, ಅರಮನೆಯ ಕಾವಲು ಪಡೆಯ ಕುದುರೆಗಳು ಸವಾರರನ್ನು ಕೆಡವಿ ನಗರದೊಳಗೆ ಓಡಿದವು. ಮೆರವಣಿಗೆ, ವಾದ್ಯ, ಜನಜಂಗುಳಿ ಎಲ್ಲಕ್ಕೂ ಪಳಗುವ ಪಡೆಯದು. ಒಂದು ಸದ್ದಿಗೆ ಒಗ್ಗಿದ ಕುದುರೆ ಎಲ್ಲ ಸದ್ದಿಗೂ ಒಗ್ಗಿತೆಂದಲ್ಲ. ನಮ್ಮಲ್ಲೂ ಹಗಲಿನ ಫಿರಂಗಿ ಮುಗಿದ ಮೇಲೆ ಬನ್ನಿಮಂಟಪದ ಪಂಜಿನ ಕವಾಯತಿನ ಕತ್ತಲು, ಬೆಂಕಿ, ಪಟಾಕಿ ಕಾದಿರುತ್ತವೆ.

ವಿರಮಿಸುವ ಕುದುರೆಯ ಎದೆಬಡಿತ ನಿಮಿಷಕ್ಕೆ ಸುಮಾರು 28ರಿಂದ 44. ಅದನ್ನು ಅಳೆಯುವ ಪಟ್ಟಿಯನ್ನು ಜೀನಿನ ಕೆಳಗೆ ಕಟ್ಟಬಹುದು. ಪ್ರತಿ ಸುತ್ತಿನ ನಂತರ ಬಡಿತ ಎಷ್ಟು ಹೊತ್ತಿಗೆ ಇಳಿಯಿತೆಂದು ಕುದುರೆವಾರು ಬರೆದಿಟ್ಟು, ಇಳಿಯಲು ತಡಮಾಡುವವನ್ನು ಆ ವರ್ಷದ ಮೆರವಣಿಗೆಯಿಂದ ಬಿಟ್ಟು ಮುಂದಿನ ವರ್ಷಕ್ಕೆ ದೂರದಿಂದಲೇ ಮತ್ತೆ ಕಲಿಸಲಿ.